ನಿದ್ರಿಸುವ ರೋಗಾಣುಗಳು

ಪೆನಿಸಿಲಿನ್ ಮೊದಲಾದ ಪ್ರತಿಜೀವಕ ಔಷಧಗಳು ರೋಗಾಣುಗಳನ್ನು ಕೊಲ್ಲುತ್ತವೆ ಎಂಬುದು ಸರ್ವವಿದಿತವಾದ ಸಂಗತಿ. ಆದರೂ ಔಷಧದ ನಡುವೆಯೇ ಕೆಲವು ರೋಗಾಣುಗಳು ಸಾಯದೆ ಉಳಿಯುತ್ತವೆ. ಇವು ಹೇಗೆ ಉಳಿಯುತ್ತವೆ, ಇದರಿಂದ ರೋಗಿಗೆ ಒದಗುವ ಅಪಾಯವೇನು ಎಂಬುದನ್ನು ಇಲ್ಲಿ ಸಂಗ್ರಹವಾಗಿ ತಿಳಿಸಲು ಯತ್ನಿಸುತ್ತೇನೆ.

1944ರಲ್ಲಿ ಐರ್ಲೆಂಡಿನ ಜೋಸೆಫ್ ಬಿಗ್ಗರ್ ಎಂಬ ವಿಜ್ಞಾನಿಯು ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಗಳ ಮೇಲೆ ಪೆನಿಸಿಲಿನ್ ಪ್ರಯೋಗಿಸಿದರು. ಹತ್ತು ಲಕ್ಷದಲ್ಲಿ ಸುಮಾರು ಒಂದು ಮಾತ್ರ ಬದುಕಿ ಉಳಿಯಿತು. ಹಾಗೆ ಉಳಿದವನ್ನು ಬೆಳೆಸಿ, ಅವುಗಳ ಸಂತತಿಗೆ ಪುನಃ ಪೆನಿಸಿಲಿನ್ ಕೊಟ್ಟಾಗ ಅವೂ ಮೊದಲಿನಂತೆಯೇ ಸತ್ತವು. ಅಂದಮೇಲೆ ಅವು ಔಷಧವನ್ನು ಎದುರಿಸುವ ಶಕ್ತಿಯನ್ನು ಪಡೆದವುಗಳಲ್ಲ. ಪೆನಿಸಿಲಿನ್ ರೋಗಾಣುವಿನ ಹೊರಗೋಡೆಯ ರಚನೆಯನ್ನು ಕೆಡಿಸುತ್ತದೆ. ಬೆಳೆಯುತ್ತಿರುವ ಅಣುಜೀವಿ ಇದರಿಂದ ಒಡೆದು ಸಾಯುತ್ತದೆ. ಬೆಳವಣಿಗೆಯನ್ನು ನಿಲ್ಲಿಸಿ ಸುಪ್ತವಾಗಿರುವುದು ಗೋಡೆಯನ್ನೇ ಕಟ್ಟುತ್ತಿರುವುದಿಲ್ಲವಾದ ಕಾರಣ ಪಾರಾಗುತ್ತದೆ.

ನಮ್ಮ ಹೊಳಲೂರಿನ ಕಡೆಯ ರೈತರಿಗೆ ಇದನ್ನು ತಿಳಿಸುವುದು ಸುಲಭ. ಗದ್ದೆಯನ್ನು ಉತ್ತಾಗ ಮೊಳೆತ ಕಳೆ ನಾಶವಾಗುತ್ತದೆ. ಮಣ್ಣಿನೊಳಗೆ ಮಲಗಿರುವ ಕಳೆಬೀಜ ಉಳಿದು, ಹದ ದೊರೆತಾಗ ಮೊಳೆಯುತ್ತದೆ. ಆ ಮೊಳಕೆಯೂ ಮತ್ತೊಂದು ಉಳುಮೆಗೆ ಸಾಯುತ್ತದೆ. ಆದ್ದರಿಂದಲೇ ರೈತನು ಒಂದೇ ಸಾಲಿಗೆ ನೇಗಿಲನ್ನು ಬಿಚ್ಚುವುದಿಲ್ಲ.

ಕ್ಷಯರೋಗದ ಚಿಕಿತ್ಸೆಯ ತತ್ತ್ವವೂ ಇದೇ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಔಷಧ ಬೇಕು. ಐಸೋನಿಯಾಜಿಡ್ ಚುರುಕಾಗಿ ಬೆಳೆಯುವ ರೋಗಾಣುಗಳನ್ನು ಮೊದಲ ದಿನಗಳಲ್ಲೇ ಕೊಲ್ಲುತ್ತದೆ. ಸುಪ್ತವಾಗಿದ್ದು ಆಗಾಗ ಸ್ವಲ್ಪ ಹೊತ್ತು ಎಚ್ಚರಗೊಳ್ಳುವವನ್ನು ರಿಫಾಂಪಿಸಿನ್ ಕೊಲ್ಲುತ್ತದೆ. ಅವೆಲ್ಲ ಒಮ್ಮೆಗೇ ಎಚ್ಚರಗೊಳ್ಳುವುದಿಲ್ಲವಾದುದರಿಂದ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಸಂಶೋಧನೆಯು, ಕ್ಷಯರೋಗಿಯು ಮನೆಯಲ್ಲಿದ್ದುಕೊಂಡೇ ಔಷಧ ಸೇವಿಸಿ ಗುಣವಾಗಬಹುದೆಂದು ತೋರಿಸಿತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಇಂಥ ಚಿಕಿತ್ಸೆಯನ್ನು ಹಳ್ಳಿಗಳಿಗೂ ತಲಪಿಸುವ ಜಿಲ್ಲಾ ಯೋಜನೆಯನ್ನು ರೂಪಿಸಿತು. ಮನೆಯಲ್ಲೇ ಚಿಕಿತ್ಸೆಯೆಂದ ಮೇಲೆ ಗುಳಿಗೆಯನ್ನು ತಪ್ಪದೆ ನುಂಗುವ ಹೊಣೆ ರೋಗಿಯದೂ ಮನೆಯವರದೂ ಆಗುತ್ತದೆ.

ಇಲ್ಲಿಯೇ ಕಷ್ಟವಿರುವುದು. ಕೆಲವು ವಾರಗಳಲ್ಲಿ ಜ್ವರ ಇಳಿದು, ಕೆಮ್ಮು ಕಡಿಮೆಯಾಗಿ, ಊಟ ರುಚಿಸತೊಡಗುತ್ತದೆ. "ಕೆಮ್ಮು ಹೋದ ಮೇಲೆ ಗುಳಿಗೆ ಯಾಕೆ?" ಎಂಬ ಪ್ರಶ್ನೆಯನ್ನು ನಾನು ಊರಿನಲ್ಲಿ ಹಲವರ ಬಾಯಲ್ಲಿ ಕೇಳಿದ್ದೇನೆ. ಆಗ ಔಷಧ ಬಿಟ್ಟರೆ ಮಲಗಿದ್ದ ರೋಗಾಣುಗಳು ಎದ್ದು ರೋಗ ಮರುಕಳಿಸಬಹುದು. ಔಷಧವನ್ನು ಬಿಟ್ಟು ಬಿಟ್ಟು ಸೇವಿಸಿದರಂತೂ ಔಷಧಕ್ಕೆ ಬಗ್ಗದ ತಳಿಗಳೇ ಹುಟ್ಟಿಕೊಳ್ಳಬಹುದು.

ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಔಷಧ ಉಚಿತವಾಗಿ ದೊರೆಯುತ್ತದೆ. ವಿದ್ಯಾರ್ಥಿ ಮಿತ್ರರು ರಜೆಯಲ್ಲಿ ಊರಿಗೆ ಹೋದಾಗ ಮೇಲಿನ ಪ್ರಶ್ನೆಗೆ ಕಳೆಬೀಜದ ಉದಾಹರಣೆ ಕೊಟ್ಟು ಉತ್ತರ ಹೇಳಿದರೆ, ನಾವು ಕಲಿತದ್ದು ಸಾರ್ಥಕವಾದೀತು.