ಗಡಿಯಾಚೆಯ ವ್ಯಾಪಾರ, ಎಲ್ಲರಿಗೊಂದು ನ್ಯಾಯ

ಸರಕು ಸಮುದ್ರವನ್ನು ದಾಟಬಲ್ಲದು; ಒಂದು ದೇಶದ ಕಾನೂನು ಅಷ್ಟು ಸುಲಭವಾಗಿ ಗಡಿಯನ್ನು ದಾಟಲಾರದು. ಚಿಕ್ಕಮಗಳೂರಿನ ವರ್ತಕನೊಬ್ಬನು ಕಾಫಿಯನ್ನು ಮಾರುವುದಾಗಿ ಜರ್ಮನಿಯ ವ್ಯಾಪಾರಿಗೆ ಪತ್ರ ಬರೆದನೆಂದು ಭಾವಿಸೋಣ. ಆ ವ್ಯಾಪಾರಿಯು ಒಪ್ಪಿಗೆಯ ಪತ್ರವನ್ನು ಅಂಚೆಗೆ ಹಾಕಿದನು. ಅದು ದಾರಿಯಲ್ಲಿ ಕಳೆದುಹೋಯಿತು. ಕರಾರು ಏರ್ಪಟ್ಟಿತೆ? ಭಾರತದ 1872ರ ಕರಾರು ಅಧಿನಿಯಮದ ಪ್ರಕಾರ, ಆ ಪತ್ರವನ್ನು ಅಂಚೆಗೆ ಹಾಕಿದೊಡನೆಯೇ ನಮ್ಮ ವರ್ತಕನು ಮಾತಿಗೆ ಬದ್ಧನು. ಜರ್ಮನಿಯ ಕಾನೂನಿನಂತೆ, ಪತ್ರವು ತಲುಪದ ಹೊರತು ಕರಾರಿಲ್ಲ. ಒಂದೇ ವ್ಯವಹಾರಕ್ಕೆ ಎರಡು ನ್ಯಾಯ!

ಇಂತಹ ತೊಡಕುಗಳನ್ನು ನಿವಾರಿಸಲೆಂದು ವಿಶ್ವಸಂಸ್ಥೆಯು 1966ರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗವನ್ನು ಸ್ಥಾಪಿಸಿತು. ಆಯೋಗವು ರೂಪಿಸಿದ ಸರಕು ಮಾರಾಟದ ಒಪ್ಪಂದವು 1980ರಲ್ಲಿ ವಿಯೆನ್ನಾ ನಗರದಲ್ಲಿ ಅಂಗೀಕೃತವಾಗಿ, 1988ರಲ್ಲಿ ಜಾರಿಗೆ ಬಂದಿತು. ಅದರಂತೆ ಒಪ್ಪಿಗೆಯು ಸಾಮಾನ್ಯವಾಗಿ ತಲುಪಿದಾಗಲೇ ಊರ್ಜಿತವಾಗುತ್ತದೆ. ಜರ್ಮನಿಯು ಈ ಒಪ್ಪಂದಕ್ಕೆ ಸೇರಿದೆ. ಭಾರತವು ಇನ್ನೂ ಸೇರಿಲ್ಲ. ಆದುದರಿಂದ ಯಾವ ದೇಶದ ಕಾನೂನು ಅನ್ವಯಿಸಬೇಕೆಂಬುದನ್ನು ನಮ್ಮ ವರ್ತಕರು ಕರಾರಿನಲ್ಲಿಯೇ ಸ್ಪಷ್ಟವಾಗಿ ಬರೆದುಕೊಳ್ಳುವುದು ಕ್ಷೇಮ.

ವಿವಾದಗಳ ತೀರ್ಮಾನದಲ್ಲಿಯಾದರೋ ಭಾರತವು ಮೊದಲೇ ಹೆಜ್ಜೆಯಿಟ್ಟಿತು. ವಿದೇಶದ ಪಂಚಾಯ್ತರು ನೀಡಿದ ತೀರ್ಪನ್ನು ಮನ್ನಿಸುವ 1958ರ ನ್ಯೂಯಾರ್ಕ್ ಒಪ್ಪಂದವನ್ನು ಅದು 1960ರಲ್ಲಿಯೇ ಸ್ಥಿರೀಕರಿಸಿತು. ಆಯೋಗವು 1985ರಲ್ಲಿ ಸಿದ್ಧಪಡಿಸಿದ ಮಾದರಿ ಕಾನೂನನ್ನು ಅನುಸರಿಸಿ 1996ರಲ್ಲಿ ಹೊಸ ಅಧಿನಿಯಮವನ್ನೂ ರಚಿಸಿತು.

ಎಲ್ಲ ದೇಶಗಳ ಕಾನೂನುಗಳನ್ನು ಅಳಿಸಿ ಒಂದನ್ನೇ ಉಳಿಸುವುದು ಈ ಪ್ರಯತ್ನದ ಗುರಿಯಲ್ಲ. ವ್ಯವಹಾರದ ಮಟ್ಟಿಗೆ ಸಮಾನ ನಿಯಮಗಳನ್ನು ಒದಗಿಸುವುದೇ ಅದರ ಉದ್ದೇಶ. ಧನಿಕನು ಪರದೇಶದ ನ್ಯಾಯಾಲಯದಲ್ಲಿ ವಕೀಲರನ್ನು ನೇಮಿಸಿಕೊಳ್ಳಬಲ್ಲನು. ಸಣ್ಣ ವರ್ತಕನಿಗೆ ಆ ಶಕ್ತಿಯಿಲ್ಲ. ನಿಯಮವು ಮೊದಲೇ ತಿಳಿದಿದ್ದರೆ ಅವನೂ ಧೈರ್ಯದಿಂದ ದೂರದ ಪೇಟೆಗೆ ಸರಕನ್ನು ಕಳುಹಿಸಬಲ್ಲನು.