ಪಂಚಾಯಿತಿ ಕಚೇರಿಗೆ ಹೋಗುವ ಮುನ್ನ

ವೀರಣ್ಣನವರ ನಾಟಕ ಕಂಪನಿಯಿಂದ ನಾಡಿಗೆಲ್ಲ ಹೆಸರಾದ ಗುಬ್ಬಿಯಲ್ಲಿ ನಲ್ಲಿ ನೀರು, ಬೀದಿದೀಪ, ಚರಂಡಿ, ಕಸ ವಿಲೇವಾರಿಯ ಹೊಣೆ ಪಟ್ಟಣ ಪಂಚಾಯಿತಿಯದು. ಅಲ್ಲಿ ಕೆಲಸವಿದ್ದರೆ ‘ನಾಳೆ ಬನ್ನಿ’ ಎಂಬ ಬಾಯಿಮಾತು ನಂಬಿ ಮರಳಬೇಡಿ. ಖಾತೆ ಬದಲಾವಣೆಯಂಥ, ಗಡುವಿನೊಳಗೆ ಕೊಡಲೇಬೇಕಾದ ಸಕಾಲ ಸೇವೆಗೆ ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. 2011ರ ಸಕಾಲ ಕಾಯ್ದೆಯಂತೆ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮ್ಮದು. ಮೊತ್ತ ಸಣ್ಣದೇ, ಆದರೆ ತಡ ಮಾಡಿದವರು ಉತ್ತರ ಕೊಡಲೇಬೇಕಾಗುತ್ತದೆ. ಗಡುವು ನಿಮಗೂ ಇದೆ: ಮನೆಯಲ್ಲಿ ಹೆರಿಗೆಯಾದರೆ 21 ದಿನದೊಳಗೆ ಜನನ ನೋಂದಾಯಿಸಿ.

ನಮ್ಮ ಪಾಲಿನ ಕರ್ತವ್ಯವೂ ಇದೆ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿ, ಶೇ 5 ರಿಯಾಯಿತಿ ಸಿಗುತ್ತದೆ. ಒಡೆದ ಗಾಜನ್ನು ಹಸಿ ಕಸಕ್ಕೆ ಸೇರಿಸಬೇಡಿ, ಅದನ್ನು ಬೇರ್ಪಡಿಸುವುದು ಪೌರಕಾರ್ಮಿಕರ ಬರಿಗೈ.