ಕೆಸರುಗದ್ದೆಗಿಳಿದ ಪಟ್ಟೀಶ್ವರ: ಪೇರೂರಿನ ನಾಟಿ ಹಬ್ಬದಿಂದ ನಾವು ಕಲಿಯಬೇಕಾದ ಪಾಠ



ಕೊಯಮತ್ತೂರು, ತಿರುಪ್ಪೂರು ಸೀಮೆಯ ನಮ್ಮ ಭಕ್ತರಲ್ಲಿ ಪೇರೂರಿನ ಹೆಸರು ಕೇಳದವರಿಲ್ಲ. ತಮಿಳರ ಆನಿ ತಿಂಗಳಲ್ಲಿ, ಅಂದರೆ ಜೂನ್ ನಡುವಿನಿಂದ ಜುಲೈ ನಡುವಿನವರೆಗಿನ ಅವಧಿಯಲ್ಲಿ, ಅಲ್ಲಿಯ ಪಟ್ಟೀಶ್ವರ ದೇವಾಲಯದಲ್ಲಿ ‘ನಾತ್ತು ನಡವು’ ಎಂಬ ಉತ್ಸವ ನಡೆಯುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಬತ್ತದ ನಾಟಿ ಹಬ್ಬ. “ಇಷ್ಟಲಿಂಗ ಧರಿಸಿದ ನಮಗೂ ಆ ಹಬ್ಬಕ್ಕೂ ಏನು ಸಂಬಂಧ?” ಎಂದು ಕೆಲವು ಭಕ್ತರು ಕೇಳುವುದುಂಟು. ಅದಕ್ಕೆ ಉತ್ತರವಾಗಿ ಈ ಪಾಠ.

ಸ್ಥಳದ ಹಿನ್ನೆಲೆ

ಪೇರೂರು ಕೊಯಮತ್ತೂರು ಪೇಟೆಯ ಪಶ್ಚಿಮಕ್ಕೆ ನೊಯ್ಯಲ್ ನದಿಯ ದಡದಲ್ಲಿದೆ. ವೆಳ್ಳಿಯಂಗಿರಿ ಬೆಟ್ಟಗಳ ಕಡೆಯಿಂದ ಬರುವ ಈ ನದಿಯೇ ಮುಂದೆ ತಿರುಪ್ಪೂರನ್ನು ಹಾದು ಕಾವೇರಿಯನ್ನು ಸೇರುತ್ತದೆ. ಕಾಮಧೇನು ಇಲ್ಲಿ ಹುತ್ತವೊಂದಕ್ಕೆ ಹಾಲೆರೆದು ಶಿವನನ್ನು ಪೂಜಿಸುತ್ತಿರಲು, ಅದರ ಕರು ‘ಪಟ್ಟಿ’ ಆಟವಾಡುತ್ತಾ ಹುತ್ತವನ್ನು ತುಳಿಯಿತಂತೆ. ಒಳಗಿದ್ದ ಲಿಂಗದ ಮೇಲೆ ಗೊರಸಿನ ಗುರುತು ಮೂಡಿತು. ಶಿವನು ಸಿಟ್ಟಾಗದೆ ಆ ಗುರುತನ್ನೇ ಒಡವೆಯಂತೆ ಧರಿಸಿ, ಕರುವಿನ ಹೆಸರಿನಿಂದಲೇ ಪಟ್ಟೀಶ್ವರನಾದನು. ಬೀಜ ಮೊಳೆಯದ ಹುಣಸೆಯೂ ಸಾವಿಲ್ಲದ ತಾಳೆಯೂ ಇಲ್ಲಿವೆ ಎಂಬುದು ಸ್ಥಳದ ನಂಬಿಕೆ. ಹುಣಸೆ ಮರುಹುಟ್ಟಿಲ್ಲದ ಸ್ಥಿತಿಯನ್ನೂ ತಾಳೆ ಅಳಿವಿಲ್ಲದ ಸ್ಥಿತಿಯನ್ನೂ ಸೂಚಿಸುತ್ತವೆ.

ಪೇರೂರು ನಮಗೆ ಪರಸ್ಥಳವೇನೂ ಅಲ್ಲ. 17ನೆಯ ಶತಮಾನದಲ್ಲಿ ವೀರಶೈವರಾದ ಶಾಂತಲಿಂಗ ಸ್ವಾಮಿಗಳು ಇಲ್ಲಿ ನೆಲೆಸಿದ್ದರು. ಅವರ ಪತ್ನಿಯ ಅಣ್ಣ ಶಿವಪ್ರಕಾಶರು ನಮ್ಮ ಚಾಮರಸನ ‘ಪ್ರಭುಲಿಂಗಲೀಲೆ’ಯನ್ನು ತಮಿಳಿಗೆ ತಂದ ಪುಣ್ಯಾತ್ಮರು.

ನಾಟಿಯ ಕಥೆ

ತಮಿಳರು ಸುಂದರರ್ ಎಂದು ಕರೆಯುವ ಶಿವಭಕ್ತರೇ ನಮ್ಮ ಅರವತ್ತುಮೂರು ಪುರಾತನರಲ್ಲಿ ಒಬ್ಬರಾದ ನಂಬಿಯಣ್ಣ. ಹರಿಹರ ಕವಿ ಇವರ ಮೇಲೆ ರಗಳೆಯನ್ನೇ ಬರೆದಿದ್ದಾನೆ. ಶಿವನಿಗೂ ನಂಬಿಯಣ್ಣನಿಗೂ ಇದ್ದದ್ದು ಗೆಳೆತನ. ಒಮ್ಮೆ ನಂಬಿಯಣ್ಣ ಪೇರೂರಿಗೆ ಬರುವ ಸುದ್ದಿ ತಿಳಿದು ಶಿವನು ಆಟವೊಂದನ್ನು ಹೂಡಿದನು. ತಾನೂ ಪಚ್ಚೈನಾಯಕಿ ಅಮ್ಮನೂ ಪಳ್ಳ ದಂಪತಿಯ ವೇಷ ತೊಟ್ಟು ನಾಟಿ ಮಾಡಲು ಗದ್ದೆಗೆ ಇಳಿದರು. ಹೋಗುವಾಗ ನಂದಿಗೆ, “ನಾವೆಲ್ಲಿ ಎಂದು ಯಾರಿಗೂ ಹೇಳಬೇಡ” ಎಂದು ಕಟ್ಟಪ್ಪಣೆ ಮಾಡಿದರು.

ನಂಬಿಯಣ್ಣ ಗುಡಿಗೆ ಬಂದು ನೋಡಿದರೆ ದೇವರಿಲ್ಲ. ಭಕ್ತನ ಕಳವಳ ಕಂಡ ನಂದಿ ಬಾಯಿ ತೆರೆಯಲಿಲ್ಲ, ಕಣ್ಸನ್ನೆಯಲ್ಲೇ ಗದ್ದೆಯ ಕಡೆ ತೋರಿಸಿತು. ನಂಬಿಯಣ್ಣ ಹೋಗಿ ನೋಡಿದರೆ, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಜಗದೊಡೆಯ ಸಸಿ ನೆಡುತ್ತಿದ್ದಾನೆ! ಗುಟ್ಟು ಬಿಟ್ಟುಕೊಟ್ಟ ನಂದಿಗೆ ಶಿವನು ಗುದ್ದಲಿಯಿಂದ ಒಂದು ಪೆಟ್ಟು ಕೊಟ್ಟನಂತೆ. ಬಳಿಕ ನಂಬಿಯಣ್ಣನಿಗೆ ಚಿದಂಬರದ ನಟನವನ್ನು ಅಲ್ಲಿಯೇ ತೋರಿಸಿದನೆಂದು ಪೇರೂರಿಗೆ ಮೇಲೈ ಚಿದಂಬರ ಎಂಬ ಹೆಸರೂ ಇದೆ. ಈ ಕಥೆಯ ನೆನಪಿಗೇ ನಾಟಿ ಹಬ್ಬ. 2021ರ ಕಾಯಿದೆಯಿಂದ ದೇವೇಂದ್ರಕುಲ ವೇಳಾಳರೆಂಬ ಹೆಸರು ಪಡೆದ ಸಮುದಾಯದವರು ಈ ಹಬ್ಬವನ್ನು ತಮ್ಮದೆಂದು ಅಭಿಮಾನದಿಂದ ಕಾಣುತ್ತಾರೆ.

ನಮ್ಮಲ್ಲಿಯೂ ಇದೇ ಮಾತು

ಪೇರೂರಿನ ಗುಡಿಯನ್ನು ಕಟ್ಟಿಸಿದವನು ಕರಿಕಾಲ ಚೋಳನೆಂದು ಪ್ರತೀತಿ. ಅದೇ ಚೋಳನ ಹೆಸರು ನಮ್ಮ ಮಾದಾರ ಚೆನ್ನಯ್ಯನ ಕಥೆಯಲ್ಲಿಯೂ ಬರುತ್ತದೆ. ಚೆನ್ನಯ್ಯ ಅರಸನ ಕುದುರೆಗಳಿಗೆ ಹುಲ್ಲು ತರುವ ಕಾಯಕದವನು. ಅರಸನು ಅರ್ಪಿಸಿದ ಮೃಷ್ಟಾನ್ನವನ್ನು ಶಿವನು ಒಂದು ದಿನ ಮುಟ್ಟಲಿಲ್ಲ. ಕಾರಣ ಕೇಳಿದರೆ, ಚೆನ್ನಯ್ಯನ ಮನೆಯಲ್ಲಿ ಅಂಬಲಿ ಉಂಡು ಹೊಟ್ಟೆ ತುಂಬಿದೆ ಎಂದನು! ಬಸವಣ್ಣನವರು ತಮ್ಮನ್ನು ಈ ಚೆನ್ನಯ್ಯನ ಮಗನೆಂದೇ ಕರೆದುಕೊಂಡರು.

ಒಂದು ಕಡೆ ಶಿವನು ಕೂಲಿಯಾಳಿನ ವೇಷ ತೊಟ್ಟನು. ಇನ್ನೊಂದು ಕಡೆ ಕೂಲಿಯಾಳಿನ ಮನೆಯಲ್ಲಿ ಉಂಡನು. ಭಾಷೆ ಎರಡಾದರೂ ಹೇಳಿದ್ದು ಒಂದೇ. ದೇವರೆಲ್ಲಿ ಎಂದು ಹುಡುಕಿ ಬಂದವನಿಗೆ ನಂದಿ ಗರ್ಭಗುಡಿಯನ್ನು ತೋರಿಸಲಿಲ್ಲ, ಗದ್ದೆಯನ್ನು ತೋರಿಸಿತು. ಶರಣರು ಕಾಯಕವೆಂದದ್ದೂ ಇದನ್ನೇ.

ನಮ್ಮ ನಡೆ

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ನಾವು ಚಿಕ್ಕವರಿದ್ದಾಗ ನಮ್ಮ ಮನೆಯ ಹಿತ್ತಲ ಗೋಡೆಯ ಮೇಲೆ ನಾಲ್ಕು ಲೋಟಗಳು ಬೇರೆಯಾಗಿ ಇರುತ್ತಿದ್ದವು. ನಾಟಿಗೆ ಬಂದವರಿಗೆ ಕಾಫಿ ಅದರಲ್ಲೇ. ಒಳಗೆ ಲಿಂಗಪೂಜೆ, ಹೊರಗೆ ಆ ಲೋಟ. ಒಂದು ದಿನ ಪೇರೂರಿನ ಕಥೆ ಕೇಳಿ ಬಂದ ನಮ್ಮ ಅಜ್ಜಿ, “ಆವತ್ತು ಶಿವ ನಮ್ಮ ಗದ್ದೆಗೆ ಬಂದಿದ್ದರೆ ಅವನಿಗೂ ಆ ಲೋಟದಲ್ಲೇ ಕೊಡುತ್ತಿದ್ದೆವೇನೋ” ಎಂದು ತಾವೇ ಅವುಗಳನ್ನು ತೆಗೆದು ಒಳಗಿಟ್ಟರು. ಅಂದಿನಿಂದ ಮನೆಯಲ್ಲಿ ಎಲ್ಲ ಲೋಟವೂ ಒಂದೇ.

ಬೆಳಗಿನ ಇಷ್ಟಲಿಂಗ ಪೂಜೆಯನ್ನು ಬಿಟ್ಟು ಗುಡಿ ಸುತ್ತಿರೆಂದು ನಾವು ಹೇಳುತ್ತಿಲ್ಲ. ಹಬ್ಬಕ್ಕೆ ಹೋಗುವುದು ಬಿಡುವುದು ನಿಮ್ಮ ಇಷ್ಟ. ಆದರೆ ಅದರ ಸಾರವನ್ನು ಬಿಡುವ ಹಾಗಿಲ್ಲ. ಇದು ಒಕ್ಕಲುತನದವರಿಗೆ ಮಾತ್ರ ಹೇಳಿದ್ದಲ್ಲ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ಬಿಹಾರ, ಒಡಿಶಾಗಳಿಂದ ಬಂದವರು ದುಡಿಯುತ್ತಿದ್ದಾರೆ. ಲೆಕ್ಕದ ಪುಸ್ತಕದಲ್ಲಿ ದಾಸೋಹದ ಖರ್ಚು ಬರೆದು, ಅದೇ ಪುಟದಲ್ಲಿ ಆಳಿನ ಕೂಲಿಯನ್ನು ಬಾಕಿ ಉಳಿಸಿಕೊಂಡರೆ ಆ ಲೆಕ್ಕ ಶಿವನ ಮುಂದೆ ತಾಳೆಯಾಗುವುದಿಲ್ಲ.

ಮನೆಮಂದಿಯೆಲ್ಲ ಕೂಡಿ ಚಿಂತಿಸಲು

1. ನಮ್ಮ ಹೊಲದಲ್ಲಿ, ಅಂಗಡಿಯಲ್ಲಿ ದುಡಿಯುವವರ ಹೆಸರು, ಊರು, ಮಕ್ಕಳ ಓದು ನಮಗೆ ಗೊತ್ತೇ?
2. ಮನೆಯ ಹಬ್ಬದ ದಿನ ಅವರು ನಮ್ಮ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುತ್ತಾರೆಯೇ?
3. ತಮಿಳು ಶಾಲೆಯಲ್ಲಿ ಸುಂದರರ ಕಥೆ ಓದುವ ನಮ್ಮ ಮಕ್ಕಳಿಗೆ, ಅವರೇ ನಮ್ಮ ನಂಬಿಯಣ್ಣನೆಂದು ತಿಳಿಸಿದ್ದೇವೆಯೇ?

ಈ ಆನಿ ತಿಂಗಳಲ್ಲಿ ಪ್ರತಿಯೊಂದು ಮನೆಯಲ್ಲಿಯೂ ಈ ಕಥೆಯನ್ನು ಒಮ್ಮೆಯಾದರೂ ಮಕ್ಕಳಿಗೆ ಹೇಳಬೇಕೆಂದು ಕೋರುತ್ತೇವೆ. ಶರಣು.